ಎದುರಿಗೊಬ್ಬರು ಬೇಕು

ಮರುಳಪ್ಪಜ್ಜ ಯಾರ ಜೊತೆ ಮಾತಾಡಿದರೂ ನಾಲ್ಕು ಹೆಜ್ಜೆ ದೂರದಲ್ಲೇ ನಿಲ್ಲುತ್ತಿದ್ದರು. ಜಂಬವೂ ಅಲ್ಲ, ಮಡಿಯೂ ಅಲ್ಲ. ನೀವು ಮಾತಿನ ಭರದಲ್ಲಿ ಒಂದು ಹೆಜ್ಜೆ ಮುಂದೆ ಬಂದರೆ ಅವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನೀವು ಹಿಂದಾದರೆ ಅವರು ಮುಂದಾಗುತ್ತಿದ್ದರು. ಅಜ್ಜಂಪುರದ ತಾಲ್ಲೂಕು ಕಚೇರಿಯ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಮೊದಲ ಸಲ ಅಲ್ಲಿಗೆ ಬಂದಾಗಲೂ ಅವರು ಕೌಂಟರಿನ ಹತ್ತಿರ ಬರಲಿಲ್ಲ. ರಸ್ತೆಯ ಅಂಚಿನಲ್ಲಿ ನಿಂತು, ಬಸ್ಸಿನ ಹಾರ್ನಿನ ಮೇಲೂ ಕೇಳಿಸುವ ಗಂಟಲಿನಲ್ಲಿ, “ಆರು ಜೆರಾಕ್ಸ್ ತೆಗಿ ಕಣವ್ವಾ” ಎಂದರು. ಕಾಗದ ಕೊಡಲು ಸೊಂಟದಿಂದ ಬಾಗಿ ತೋಳು ಚಾಚಿದರು. ನಾನು ಕೌಂಟರಿನ ಮೇಲೆ ಅರ್ಧ ಮಲಗಿ ಈಸಿಕೊಂಡೆ. ಯಾವುದೋ ತಲೆಕೆಟ್ಟ ಮುದುಕ ಅಂದುಕೊಂಡೆ. ನಲವತ್ತಕ್ಕೂ ಹೆಚ್ಚು ವರ್ಷ ಕೈಯಲ್ಲಿ ಕತ್ತಿ ಹಿಡಿದು, ಎದುರಿನವರ ಕತ್ತಿಯ ತುದಿ ತಾಗದಷ್ಟು ದೂರ ನಿಂತು ವೀರಗಾಸೆ ಕುಣಿದವರಿಗೆ ಆ ದೂರ ಮೈಗೇ ಅಂಟಿಕೊಂಡಿದೆ ಎಂದು ತಿಳಿದದ್ದು ಆಮೇಲೆ.

ಅವರು ಕೊಟ್ಟದ್ದು ನೋಟ್‌ಬುಕ್ಕಿನಿಂದ ಹರಿದ ಹಾಳೆಗಳು. ನೀಲಿ ಮಸಿಯಲ್ಲಿ ದುಂಡಗೆ ಬರೆದ ಒಡಪು. ವೀರಗಾಸೆಯಲ್ಲಿ ಕುಣಿತ ನಿಂತು, ಒಬ್ಬರು ಮುಂದೆ ಬಂದು ದಕ್ಷಯಜ್ಞದ ಕಥೆಯನ್ನು ಎತ್ತರದ ದನಿಯಲ್ಲಿ ಹೇಳುತ್ತಾರಲ್ಲ, ಅದು.

“ಎಷ್ಟು ಜನಕ್ಕೆ ಅಜ್ಜಾ?” ಎಂದೆ.

“ಐದು ಜನ ಹೆಣ್ಮಕ್ಳು ಕಲೀತಾವ್ರೆ.”

“ಮತ್ತೆ ಆರು ಯಾಕೆ?”

“ಐದು ಜನ ಕುಣಿಯಂಗಿಲ್ಲ ಕಣವ್ವ. ವೀರಗಾಸೆ ಅಂದ್ರೆ ಜೋಡಿ. ಎದುರಿಗೊಬ್ರು ಬೇಕು. ಆರನೇದು ನೀನೇ ಇಟ್ಕೊ. ಭಾನುವಾರ ಬೆಳಗ್ಗೆ ಬಂದ್ಬಿಡು.”

ನನಗೆ ಆಗ ಮೂವತ್ತೆಂಟು. ಎಡಗಾಲಿನ ಮಂಡಿ ನೋವು, ಮೈ ತೂಕದ ಮಾತು ಬೇಡ. ಮನೆಯಲ್ಲಿ ಹೇಳಿದರೆ ನಮ್ಮ ಯಜಮಾನರು ಊಟ ಬಿಟ್ಟು ನಕ್ಕರು. ಆದರೂ ಹೋದೆ. ಯಾಕೆಂದು ಈಗ ಹೇಳಿಬಿಡುತ್ತೇನೆ. ಹದಿಮೂರು ವರ್ಷದಿಂದ ಆ ಕೌಂಟರಿನ ಹಿಂದೆ ನಿಂತಿದ್ದೇನೆ. ಬಂದವರು ಪಹಣಿ ನೋಡುತ್ತಾರೆ, ಆಧಾರ್ ನೋಡುತ್ತಾರೆ, ಕಚೇರಿಯ ಬಾಗಿಲು ತೆರೆಯಿತಾ ಅಂತ ನೋಡುತ್ತಾರೆ. ನನ್ನ ಮುಖ ನೋಡಿ, ನೀನು ಬೇಕು, ನೀನಿಲ್ಲದಿದ್ದರೆ ಆಗುವುದಿಲ್ಲ ಎಂದವರು ಅದುವರೆಗೆ ಯಾರೂ ಇರಲಿಲ್ಲ.

ಅಜ್ಜನ ಊರು ಅಜ್ಜಂಪುರದಿಂದ ಆಟೋದಲ್ಲಿ ಹತ್ತು ನಿಮಿಷ. ಮನೆ ತುಂಬ ಜನ. ಮಗಳು ಶಾಂತಮ್ಮ, ಅಳಿಯ, ಮೊಮ್ಮಕ್ಕಳು, ಮುಂದುಗಡೆ ಹಿಟ್ಟಿನ ಗಿರಣಿ, ಗಿರಣಿಗೆ ಬಂದವರ ಗದ್ದಲ. ಆ ಗದ್ದಲದ ನಡುವೆ ಅಜ್ಜ ಒಬ್ಬರೇ ಇದ್ದಂತೆ ಇರುತ್ತಿದ್ದರು. “ನಮ್ಮಪ್ಪ ನಮ್ಜೊತೆ ನಾಲ್ಕು ಮಾತಾಡಲ್ಲ ಕಣ್ರೀ. ಹಿತ್ಲಿಗೆ ಹೋಗಿ ಯಾರ್ಜೊತೆಗೋ ಗಂಟೆಗಟ್ಲೆ ಮಾತಾಡ್ತಾರೆ” ಎಂದು ಶಾಂತಮ್ಮ ಮೊದಲ ದಿನವೇ ನನ್ನ ಹತ್ತಿರ ದೂರು ಹೇಳಿದರು.

ಹಿತ್ತಲಿನಲ್ಲಿ ಹಳೆಯ ಕಣವಿತ್ತು. ಒಕ್ಕಣೆಯೆಲ್ಲ ಮಿಷಿನ್ನಿಗೆ ಹೋದ ಮೇಲೆ ಅದಕ್ಕೆ ಬೇರೆ ಕೆಲಸವಿರಲಿಲ್ಲ. ಅದರ ಒಂದು ಮಗ್ಗುಲಲ್ಲಿ ನೆಲ ಕಾಲು ತುಳಿದೂ ತುಳಿದೂ ಬಾಣಲೆಯ ಹಾಗೆ ತಗ್ಗಾಗಿತ್ತು. ನಾಲ್ಕು ಹೆಜ್ಜೆ ಆಚೆ ಅಂಥದ್ದೇ ಇನ್ನೊಂದು ತಗ್ಗು, ಆದರೆ ಅದರ ತುಂಬ ಗರಿಕೆ ಬೆಳೆದಿತ್ತು. ನಾನು ತಿಳಿಯದೆ ಹೋಗಿ ಆ ಗರಿಕೆಯ ಮೇಲೆ ನಿಂತೆ. “ಅಲ್ಲಿ ಬ್ಯಾಡ, ಈ ಕಡೆ ಬಾ” ಎಂದರು ಅಜ್ಜ. ಗಟ್ಟಿಯಾಗಿ ಅನ್ನಲಿಲ್ಲ, ಆದರೆ ಉಳಿದ ಐದು ಜನವೂ ತಿರುಗಿ ನೋಡಿದರು.

ಕಲಿಸುವಾಗ ಅವರ ಬಾಯಿಗೆ ಸಿಕ್ಕರೆ ಯಾರೂ ಉಳಿಯುತ್ತಿರಲಿಲ್ಲ. “ಸಗಣಿ ತುಳಿದೋರಂಗೆ ಕಾಲೆತ್ತಬ್ಯಾಡ” ಎಂದು ಒಬ್ಬಳಿಗೆ. “ಇದೇನು ಮದ್ವೆ ಮನೇಲಿ ಕುಂಕುಮ ಹಚ್ಚೋಕೆ ಹೊಂಟಂಗೆ ಹೋಗ್ತೀಯಲ್ಲ, ದಕ್ಷನ ತಲೆ ತೆಗೆಯೋಕೆ ಹೋಗ್ತಿರೋದು ಕಣೇ” ಎಂದು ಇನ್ನೊಬ್ಬಳಿಗೆ. ನನಗಂತೂ ಇಟ್ಟ ಹೆಸರೇ ಇತ್ತು. ನಾನು ಒಡಪನ್ನು ತಪ್ಪಿಲ್ಲದೆ, ಉಸಿರು ಬಿಡದೆ ಹೇಳಿ ಮುಗಿಸಿ ಹೆಮ್ಮೆಯಿಂದ ನಿಂತರೆ, “ಆಯ್ತಾ ಜೆರಾಕ್ಸು? ಕರೆಂಟ್ ಹೋಗೋದ್ರೊಳಗೆ ಮುಗಿಸ್ಬೇಕು ಅಂತ ಇತ್ತಾ?” ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನನಗೆ ಸಿಟ್ಟು ಬಂದು ಎರಡು ಭಾನುವಾರ ಹೋಗಲಿಲ್ಲ. ಮೂರನೆಯ ವಾರ ಅಜ್ಜ ಅಂಗಡಿಯ ಮುಂದೆ, ರಸ್ತೆಯ ಅಂಚಿನಲ್ಲಿ ಬಂದು ನಿಂತರು. ಬೈಯಲೂ ಇಲ್ಲ, ಕರೆಯಲೂ ಇಲ್ಲ. ಅರ್ಧ ಗಂಟೆ ನಿಂತು ಹೋದರು. ಮುಂದಿನ ಭಾನುವಾರ ನಾನೇ ಮೊದಲು ಹೋಗಿದ್ದೆ.

ಒಡಪಿನಲ್ಲಿ ಎಲ್ಲರಿಗೂ ಇಷ್ಟವಾಗುವುದು ವೀರಭದ್ರ ಹುಟ್ಟುವ ಭಾಗ. ಕತ್ತಿ ಎತ್ತಬಹುದು, ಕಣ್ಣು ಅರಳಿಸಬಹುದು, ನೋಡುವವರ ಮೈ ಜುಮ್ಮೆನ್ನುತ್ತದೆ. ಅಜ್ಜನ ಪ್ರಾಣವೆಲ್ಲ ಇದ್ದದ್ದು ಅದಕ್ಕೂ ಮುಂಚಿನ ಒಂದು ತುಣುಕಿನಲ್ಲಿ. ಕರೆಯದಿದ್ದರೂ ತವರಿನ ಯಜ್ಞಕ್ಕೆ ಬಂದ ದಾಕ್ಷಾಯಿಣಿ ಬಾಗಿಲಲ್ಲಿ ನಿಲ್ಲುತ್ತಾಳೆ. ಅಪ್ಪ ತಲೆ ಎತ್ತುವುದಿಲ್ಲ, ಬಂಧುಗಳು ಮುಖ ತಿರುಗಿಸುತ್ತಾರೆ, ಯಾರೂ ಮಾತಾಡಿಸುವುದಿಲ್ಲ. ಆಮೇಲೆ ಹೆತ್ತ ತಾಯಿ ಒಬ್ಬಳು ಎದ್ದು ಬರುತ್ತಾಳೆ. ಅಷ್ಟೇ. “ತಲೆ ಕಡಿಯೋದ್ನ ಯಾರ್ ಬೇಕಾದ್ರೂ ಹೇಳ್ತಾರೆ ಕಣವ್ವ. ಮಗಳು ಬಾಗ್ಲಾಗೆ ನಿಂತಿದ್ಳಲ್ಲ, ಅದನ್ನ ಹೇಳೋದು ಕಷ್ಟ. ಅವಸರ ಮಾಡ್ಬ್ಯಾಡ. ಅವ್ಳು ನಿಂತಷ್ಟು ಹೊತ್ತು ನೀನೂ ನಿಂತ್ಕೊ.” ಆ ಭಾಗವನ್ನು ಅವರು ಹೇಳುವಾಗ ಗಿರಣಿಗೆ ಬಂದವರೂ ಹಿತ್ತಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ಅಜ್ಜ ಕಲಿಸುತ್ತಿದ್ದರೇ ಹೊರತು ಗೆಜ್ಜೆ ಕಟ್ಟುತ್ತಿರಲಿಲ್ಲ. ವೇಷ ತೊಡುತ್ತಿರಲಿಲ್ಲ. ಅದರ ಕಾರಣವನ್ನು ನನಗೆ ಹೇಳಿದ್ದು ಸಂಬಾಳ ಬಾರಿಸುವ ಹನುಮಂತಣ್ಣ. ಮೂವತ್ತು ವರ್ಷ ಅಜ್ಜನ ತಂಡದ ಜೊತೆ ಊರೂರು ಸುತ್ತಿದ ಮನುಷ್ಯ, ಈಗ ನಮಗೂ ಬಾರಿಸುತ್ತಿದ್ದರು.

ಅಜ್ಜನ ಜೋಡಿಯ ಹೆಸರು ಸಿದ್ರಾಮಣ್ಣ. ಪಕ್ಕದ ಮನೆ, ನಡುವೆ ಒಂದೇ ಗೋಡೆ. ಇಪ್ಪತ್ತರ ಪ್ರಾಯದಿಂದ ಎದುರುಬದುರು ಕುಣಿದವರು. ಇವರು ಹೆಜ್ಜೆ ಎತ್ತುವ ಮೊದಲೇ ಅವರಿಗೆ ಗೊತ್ತಾಗುತ್ತಿತ್ತಂತೆ. ಒಮ್ಮೆ ತರೀಕೆರೆಯಲ್ಲಿ ದೊಡ್ಡ ವೇದಿಕೆ, ತುಂಬಿದ ಜನ. ಒಡಪು ಹೇಳುತ್ತಿದ್ದ ಅಜ್ಜನಿಗೆ ನಡುವೆ ಒಂದು ಸಾಲು ಹಾರಿಹೋಯಿತು. ಒಂದು ಉಸಿರಿನಷ್ಟು ಹೊತ್ತು. ಎದುರಿಗಿದ್ದ ಸಿದ್ರಾಮಣ್ಣ ಥಟ್ಟನೆ ಆ ಸಾಲನ್ನು ಎತ್ತಿಕೊಂಡು ಹೇಳಿಬಿಟ್ಟರು. ಜನ ಅದೂ ಆಟದ ಭಾಗವೆಂದು ತಿಳಿದು ಚಪ್ಪಾಳೆ ಹೊಡೆದರು. ಒಡಪು ಹೇಳುವವನ ಬಾಯಿಂದ ಸಾಲು ತೆಗೆದುಕೊಳ್ಳಬಾರದು ಎನ್ನುವುದು ಕುಣಿತದವರಲ್ಲಿ ದೊಡ್ಡ ಕಟ್ಟು. ಅಜ್ಜ ವೇದಿಕೆಯಿಂದ ಇಳಿದು, ತಲೆಯ ಬಿಳಿ ಚೌರಿ ಬಿಚ್ಚಿಟ್ಟು, “ನನ್ ಬಾಯಾಗಿಂದ ಕಿತ್ಕೊಂಡ್ಬಿಟ್ಟ” ಎಂದರಂತೆ. ಅದೇ ಕೊನೆ. ಹನ್ನೊಂದು ವರ್ಷ ಇಬ್ಬರೂ ಮಾತಾಡಲಿಲ್ಲ.

“ಕುಣಿಯೋದು ಬಿಟ್ರಾ?” ಎಂದು ಕೇಳಿದೆ.

“ಎಲ್ಲಿ ಬಿಟ್ರು! ಬೇರೆಯೋರ ಎದ್ರು ಇಬ್ರಿಗೂ ಕುಣಿಯಾಕೆ ಬರ್ತಿರ್ಲಿಲ್ಲ. ಒಂದೇ ಟೆಂಪೋ, ಇವ್ರು ಆ ತುದಿ, ಅವ್ರು ಈ ತುದಿ. ‘ಹನುಮಂತಾ, ಆ ಕಡೆಯೋರಿಗೆ ಹೇಳು, ಈಬತ್ತಿ ಗಟ್ಟಿ ಕೊಡ್ಲಿ’ ಅಂತ ಇವ್ರು. ‘ಹನುಮಂತಾ, ಈಸ್ಕೊಳ್ಳಾಕೆ ಹೇಳು’ ಅಂತ ಅವ್ರು. ಒಂದು ಮೊಳ ಜಾಗದಾಗೆ ನಾನು ಪೋಸ್ಟ್‌ಮ್ಯಾನ್ ಆಗಿದ್ದೆ ಕಣವ್ವ. ಗೆಜ್ಜೆ ಕಟ್ಟಿ ನಿಂತ್ರೆ ಮಾತ್ರ, ಅಬ್ಬಾ, ಕಣ್ಣಲ್ಲಿ ಕಣ್ಣು.”

ನಾನು ಹೊಟ್ಟೆ ಹಿಡಿದು ನಕ್ಕೆ. ಹನುಮಂತಣ್ಣ ನಗಲಿಲ್ಲ. ಸಿದ್ರಾಮಣ್ಣ ತೀರಿಕೊಂಡು ಆರು ವರ್ಷವಾಗಿತ್ತು. ಅವತ್ತಿನಿಂದ ಅಜ್ಜ ಗೆಜ್ಜೆ ಮುಟ್ಟಿರಲಿಲ್ಲ.

ಎಷ್ಟೋ ತಿಂಗಳ ಮೇಲೆ, ಬೇರೆಯವರೆಲ್ಲ ಹೋದ ಮೇಲೆ, ಅಜ್ಜ ತಾವಾಗಿಯೇ ಒಂದು ಮಾತು ಹೇಳಿದರು. “ಗೋಡೆ ಆಚೆ ಒಂದು ತಿಂಗಳು ಕೆಮ್ಮು ಕೇಳ್ತಿತ್ತು ಕಣವ್ವ. ಒಂದಿನ ಹೋಗಿ ಬಾಗ್ಲಾಗೆ ನಿಂತೆ. ಅವ್ನು ನೋಡ್ದ. ನಾನೂ ನೋಡ್ದೆ. ಹನ್ನೊಂದು ವರ್ಷ ಆಗಿತ್ತಲ್ಲ, ಮಾತು ಎಲ್ಲಿಂದ ಎತ್ಕೋಬೇಕು ಅಂತ ಇಬ್ರಿಗೂ ಗೊತ್ತಾಗ್ಲಿಲ್ಲ. ಬಂದ್ಬಿಟ್ಟೆ. ಆದ್ರೂ ತಪ್ಪು ಅವಂದೇ. ಯಾಕೆ ಬಾಯಿ ಹಾಕ್ಬೇಕಿತ್ತು?” ಹೇಳಿ ಗರಿಕೆಯ ಕಡೆ ನೋಡಿದರು. ಚೀಲ ತೆಗೆದುಕೊಂಡು ಆಟೋ ಹತ್ತಿದೆ.

ನಾವು ಆರೂ ಜನ ಕುಣಿಯತೊಡಗಿದ್ದೆವು. ಪಂಚನಹಳ್ಳಿಯಲ್ಲಿ ಒಂದು ಹೊಸಮನೆಯ ಒಕ್ಕಲು, ತರೀಕೆರೆಯಲ್ಲಿ ಒಂದು ಶಾಲೆಯ ಸಮಾರಂಭ. ಹೆಂಗಸರ ವೀರಗಾಸೆ ಎಂದರೆ ಜನ ಮೊದಲು ಮೊಬೈಲು ಎತ್ತುತ್ತಾರೆ, ಆಮೇಲೆ ಮರೆತು ಕೆಳಗಿಳಿಸುತ್ತಾರೆ. ಅಜ್ಜ ಗುಂಪಿನ ಹಿಂದೆ ನಿಂತು ನೋಡುತ್ತಿದ್ದರು. ಚೆನ್ನಾಗಿತ್ತು ಎಂದು ಒಮ್ಮೆಯೂ ಅನ್ನಲಿಲ್ಲ. “ಪರ್ವಾಗಿಲ್ಲ, ಬಿದ್ದಿಲ್ಲ” ಎನ್ನುತ್ತಿದ್ದರು.

ಆಮೇಲೆ ಕಡೂರಿನಿಂದ ಒಂದು ಮದುವೆ ಮನೆಯವರು ಗುಗ್ಗುಳಕ್ಕೆ ಕರೆದರು. ವೀರಭದ್ರನ ಒಕ್ಕಲಿನವರು, ಮದುವೆಗೆ ಮುಂಚೆ ಬೆಂಕಿಯ ಕೊಡ ಹೊತ್ತು ಬೀದಿಯಲ್ಲಿ ಮೆರವಣಿಗೆ ಹೋಗಬೇಕು, ಮುಂದೆ ವೀರಗಾಸೆ ಇರಬೇಕು, ಸರ್ಕಲ್ಲಿಗೊಮ್ಮೆ ನಿಂತು ಒಡಪು ಹೇಳಬೇಕು. ಇನ್ನೊಂದು ವಾರವಿದೆ ಎನ್ನುವಾಗ ನನ್ನ ಜೋಡಿ ರೇಖಾಳ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ರೇಖಾ ಮನೆ ಬಿಟ್ಟು ಬರುವ ಹಾಗಿರಲಿಲ್ಲ. ನಾವು ಐದಾದೆವು.

“ನಾನು ಕೂತ್ಕೋತೀನಿ ಅಜ್ಜಾ, ನಾಲ್ಕು ಜನ ಹೋಗ್ಲಿ” ಎಂದೆ. ಅಳು ಬರುತ್ತಿತ್ತು, ತೋರಿಸಿಕೊಳ್ಳಲಿಲ್ಲ. ಅಜ್ಜ ಒಳಗೆ ಹೋಗಿ ಒಂದು ಬಟ್ಟೆಯ ಗಂಟು ತಂದು ಬಿಚ್ಚಿದರು. ಗೆಜ್ಜೆಯ ಚರ್ಮ ಒಣಗಿ ಸೆಟೆದು ಹೋಗಿತ್ತು. ಕೊಬ್ಬರಿ ಎಣ್ಣೆ ತರಿಸಿ, ಕಣದ ಕಟ್ಟೆಯ ಮೇಲೆ ಕೂತು ತಿಕ್ಕತೊಡಗಿದರು. ಶಾಂತಮ್ಮ ಗಿರಣಿ ನಿಲ್ಲಿಸಿ ಬಂದು ನೋಡಿದರು. “ಅಪ್ಪಾ, ಎಪ್ಪತ್ನಾಲ್ಕು ನಿಂಗೆ” ಎಂದರು. “ಗೊತ್ತೈತೆ. ಗಾಯತ್ರವ್ವನ ಎದ್ರು ಯಾರೂ ಇಲ್ಲ” ಎಂದರು ಅಜ್ಜ, ನನ್ನ ಹೆಸರು ಹಿಡಿದು. ನನಗೆ ಕೈ ತೋರಿಸಿ, “ಹೋಗು, ಅಲ್ಲಿ ನಿಂತ್ಕೊ” ಎಂದರು. ಗರಿಕೆ ಬೆಳೆದ ಜಾಗ ಅದು. ನಾನು ಚಪ್ಪಲಿ ಬಿಟ್ಟು ಹೋಗಿ ನಿಂತೆ.

ಆ ಒಂದು ವಾರ ನಾನು ಕುಣಿದಷ್ಟು ಚೆನ್ನಾಗಿ ಮತ್ತೆಂದೂ ಕುಣಿಯಲಿಲ್ಲ. ಅವರ ಉಸಿರು ಸಾಲುತ್ತಿರಲಿಲ್ಲ, ಮಂಡಿ ನನ್ನದಕ್ಕಿಂತ ಜೋರಾಗಿ ಲಟಕ್ಕೆನ್ನುತ್ತಿತ್ತು. ಆದರೆ ಕಣ್ಣು ಮಾತ್ರ ನನ್ನನ್ನು ಬಿಡುತ್ತಿರಲಿಲ್ಲ. ಹೆಜ್ಜೆ ತಪ್ಪಲು ಆಗುತ್ತಲೇ ಇರಲಿಲ್ಲ.

ಕಡೂರಿನಲ್ಲಿ ಬೆಳಗಿನ ಹತ್ತು ಗಂಟೆಯ ಬಿಸಿಲು. ಎಡಗೈಗೆ ಮರದ ಹಲಗೆ, ಬಲಗೈಗೆ ಕತ್ತಿ, ಕೊರಳಿಗೆ ರುಂಡಮಾಲೆ, ಮೈತುಂಬ ವಿಭೂತಿ. ಅಜ್ಜ ವೇಷ ತೊಟ್ಟಾಗ ಗುರುತೇ ಸಿಗಲಿಲ್ಲ, ಅಷ್ಟು ಎತ್ತರ ಕಂಡರು. ಎರಡು ಸರ್ಕಲ್ಲಿನಲ್ಲಿ ಒಡಪು ಸಲೀಸಾಗಿ ಹೋಯಿತು. ಮೂರನೆಯದರಲ್ಲಿ ದಾಕ್ಷಾಯಿಣಿಯ ಭಾಗ. ಅವಳನ್ನು ತವರಿನ ಬಾಗಿಲಿಗೆ ತಂದು ನಿಲ್ಲಿಸಿದರು. ನಿಂತರು. ಎಂದಿನ ಹಾಗೆ ನಿಂತದ್ದೆಂದೇ ನಾನು ತಿಳಿದೆ. ಆದರೆ ಅವರ ಕತ್ತಿಯ ತುದಿ ಸಣ್ಣಗೆ ನಡುಗತೊಡಗಿತು. ಸಾಲು ಹಾರಿಹೋಗಿತ್ತು.

ನನಗೆ ಬರುತ್ತಿತ್ತು. ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ತರೀಕೆರೆ ನೆನಪಾಯಿತು, ಹನ್ನೊಂದು ವರ್ಷ ನೆನಪಾಯಿತು. ನಾನು ತುಟಿ ಬಿಗಿದೆ. ಅಜ್ಜ ನನ್ನನ್ನೇ ನೋಡಿದರು. ನಾನು ತಲೆ ತಗ್ಗಿಸಿದೆ. ಹನುಮಂತಣ್ಣ ಎಷ್ಟು ಹೊತ್ತು ತಡೆದರೋ, ಕೊನೆಗೆ ಸಂಬಾಳವನ್ನು ಜೋರಾಗಿ ಬಾರಿಸಿ ಕುಣಿತಕ್ಕೆ ಎತ್ತಿಬಿಟ್ಟರು. ಜನಕ್ಕೆ ಏನೂ ತಿಳಿಯಲಿಲ್ಲ. ನಾನು ಒಳ್ಳೆಯ ಕೆಲಸ ಮಾಡಿದೆ, ಹಿರಿಯರ ಮಾನ ಉಳಿಸಿದೆ ಎಂದುಕೊಂಡು ಕುಣಿದೆ.

ಊಟ ಮುಗಿಸಿ ಟೆಂಪೋದಲ್ಲಿ ವಾಪಸು ಬರುವಾಗ ಅಜ್ಜ ನನ್ನ ಎದುರಿನ ಸೀಟಿನಲ್ಲಿದ್ದರು. ಬೀರೂರು ದಾಟಿತು. ಆಮೇಲೆ ಕೇಳಿದರು.

“ಆ ಸಾಲು ನಿಂಗೆ ಬರ್ತಿರ್ಲಿಲ್ವಾ?”

“ಬರ್ತಿತ್ತು ಅಜ್ಜಾ.”

“ಮತ್ತೆ?”

“ನಿಮ್ಗೆ ಬೇಜಾರಾಗುತ್ತೆ ಅಂತ... ಬಾಯಿ ಹಾಕ್ಬಾರ್ದು ಅಂತ...”

ಅಜ್ಜ ಕಿಟಕಿಯ ಆಚೆ ನೋಡಿದರು. ಮುಖದ ಮೇಲೆ ವಿಭೂತಿ ಇನ್ನೂ ಹಾಗೇ ಇತ್ತು, ಬೆವರಿನಲ್ಲಿ ಗೆರೆಗೆರೆಯಾಗಿತ್ತು.

“ಅಷ್ಟು ಜನದ ನಡುವೆ ಒಬ್ನೇ ಆಗೋದ್ನಲ್ಲವ್ವ” ಎಂದರು. “ಬಾಯಿ ಒಣಗಿ ನಿಂತೋನಿಗೆ ಎದುರಿಗಿದ್ದೋರು ಸುಮ್ನಿದ್ರೆ ಹೆಂಗಿರುತ್ತೆ ಅಂತ ಇವತ್ತು ಗೊತ್ತಾಯ್ತು. ಸಿದ್ರಾಮ ನನ್ನ ಹಂಗೆ ನಿಲ್ಲಾಕೆ ಬಿಡ್ಲಿಲ್ಲ. ಅಷ್ಟೇ ಅವ್ನು ಮಾಡಿದ್ದು. ಹನ್ನೊಂದು ವರ್ಷ, ಲೇ ಹನುಮಂತ, ಹನ್ನೊಂದು ವರ್ಷ.” ಹನುಮಂತಣ್ಣ ಸಂಬಾಳವನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದರು. ಅಜ್ಜ ಅಳಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ಇಳಿಯುವಾಗ, “ಇನ್ಮ್ಯಾಕೆ ನಾನು ನಿಂತ್ರೆ ನೀನು ಹೇಳ್ಬೇಕು. ಕಟ್ಟು ಪಾಡು ಎಲ್ಲ ಆಮ್ಯಾಕೆ” ಎಂದರು.

ಅದೇ ಅವರ ಕೊನೆಯ ಕುಣಿತ. ಮೊಣಕಾಲು ಊದಿಕೊಂಡು ಎರಡು ತಿಂಗಳು ಮಲಗಿದರು. ರೇಖಾ ಮತ್ತೆ ಕುಣಿಯಲು ಬರಲಿಲ್ಲ, ತಂಡ ನಾಲ್ವರದ್ದಾಯಿತು, ಅವರು ಈಗಲೂ ಹೋಗುತ್ತಾರೆ, ಹೆಸರೂ ಬಂದಿದೆ. ನಾನು ಭಾನುವಾರ ಮಾತ್ರ ತಪ್ಪಿಸಲಿಲ್ಲ. ಅಜ್ಜ ಹಾಸಿಗೆಯ ಮೇಲೆ, ನಾನು ಎದುರಿನ ಸ್ಟೂಲಿನ ಮೇಲೆ. ಅವರು ಒಡಪು ಶುರುಮಾಡುವರು, ನಿಲ್ಲಿಸಿ ಗಲ್ಲ ಎತ್ತುವರು, ನಾನು ಮುಂದಿನ ಸಾಲು ಹೇಳುವೆ. ಮರೆವು ವಾರವಾರಕ್ಕೂ ಹೆಚ್ಚುತ್ತಿತ್ತು. ಕೆಲವು ಸಲ ಗೊತ್ತಿದ್ದೂ ನಿಲ್ಲಿಸುತ್ತಿದ್ದರು; ತುಟಿಯ ಕೊನೆ ಸಣ್ಣಗೆ ಅಲುಗಿದರೆ ನನಗೆ ತಿಳಿಯುತ್ತಿತ್ತು. “ಬೇಕಂತಲೇ ನಿಲ್ಸಿದ್ರಲ್ಲ ಅಜ್ಜಾ?” ಎಂದರೆ, “ಅಲ್ಲಿದೀಯೋ ಇಲ್ವೋ ಅಂತ ನೋಡ್ದೆ ಕಣವ್ವ” ಎನ್ನುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಒಂದು ಗುರುವಾರ ಬೆಳಗ್ಗೆ ಶಾಂತಮ್ಮ ಫೋನ್ ಮಾಡಿದರು. ಅಂಗಡಿಯ ಮುಂದೆ ಜನ ನಿಂತಿದ್ದರು. ಷಟರ್ ಎಳೆದು ಹೊರಟೆ.

ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲವಲ್ಲ. ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ರುದ್ರಾಕ್ಷಿ, ಕೈಯಲ್ಲಿ ಲಿಂಗ. ನಾಲ್ವರೂ ಬಂದಿದ್ದರು, ರೇಖಾಳೂ ಬಂದಿದ್ದಳು. ಮಧ್ಯಾಹ್ನ ಹೊರಡಿಸುವ ಹೊತ್ತಿಗೆ ಹನುಮಂತಣ್ಣ ಸಂಬಾಳ ಕಟ್ಟಿಕೊಂಡು ನನ್ನ ಹತ್ತಿರ ಬಂದರು.

“ಗಾಯತ್ರವ್ವ, ಜೋಡಿಯೋರು ಎದ್ರು ನಿಂತು ಒಡಪು ಹೇಳಿ ಕಳಿಸ್ಬೇಕು. ನಮ್ಮ ತಂಡದಾಗೆ ಮೊದ್ಲಿಂದ ಹಂಗೇ. ನೀನೇ ಅಲ್ವಾ ಜೋಡಿ.”

ವೇಷವಿಲ್ಲ, ಗೆಜ್ಜೆಯಿಲ್ಲ. ಅಂಗಡಿಗೆ ಉಟ್ಟ ಸೀರೆಯಲ್ಲೇ ಹೋಗಿ ಜಗಲಿಯ ಕೆಳಗೆ ನಿಂತೆ. ಸಂಬಾಳ ಸದ್ದಾಯಿತು. ಯಾವ ಭಾಗ ಎಂದು ಯೋಚಿಸಬೇಕಾಗಿಯೇ ಇರಲಿಲ್ಲ. ಅವಸರ ಮಾಡದೆ ಹೇಳಿದೆ. ದಾಕ್ಷಾಯಿಣಿ ಹೊರಟಳು, ದಾರಿ ಸವೆಸಿದಳು, ತವರಿನ ಬಾಗಿಲಿಗೆ ಬಂದಳು. ಅಪ್ಪ ತಲೆ ಎತ್ತಲಿಲ್ಲ. ಬಂಧುಗಳು ಮುಖ ತಿರುಗಿಸಿದರು. ಯಾರೂ ಮಾತಾಡಿಸಲಿಲ್ಲ ಎನ್ನುವಲ್ಲಿಗೆ ಬಂದೆ. ಮುಂದಿನದು ಬರಲಿಲ್ಲ.

ನೂರು ಸಲ ಹೇಳಿದ ಸಾಲು. ಬಾಯಿ ಒಣಗಿತು. ಹಿಂದೆ ನಿಂತವರಿಗೆಲ್ಲ ಅದು ಬರುತ್ತಿತ್ತು, ಆದರೆ ಹೇಳಬೇಕಾದ ಜಾಗ ಅವರದ್ದಲ್ಲ. ಹನುಮಂತಣ್ಣ ಒಂದೇ ಪೆಟ್ಟನ್ನು ಮತ್ತೆ ಮತ್ತೆ ಬಾರಿಸುತ್ತಾ ಕಾದರು. ನಾನು ಅಜ್ಜನ ಮುಖ ನೋಡಿದೆ. ತುಟಿಯ ಕೊನೆಯನ್ನೇ ನೋಡುತ್ತಾ ನಿಂತೆ.

ಅಜ್ಜ ಹೇಳಲಿಲ್ಲ.